ಮಗು ಊರ ಶಾಲೆಗೆ, ಕಡತ ಮಡಿಕೇರಿಗೆ: ಕೊಡಗಿನಲ್ಲಿ ಸಮನ್ವಯ ಶಿಕ್ಷಣ ನಡೆದುಬಂದ ದಾರಿ

ಮನೆಯಲ್ಲಿ ಕಿವಿ ಕೇಳಿಸದ, ನಡೆಯಲಾಗದ, ಮಾತು ತಡವಾದ ಅಥವಾ ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಲಾಗದ ಮಗುವಿದ್ದರೆ ತಂದೆತಾಯಿ ಮೊದಲು ಕೇಳುವುದು ಒಂದೇ ಮಾತು: ಯಾರ ಹತ್ತಿರ ಹೋಗಬೇಕು? ಈ ಪ್ರಶ್ನೆಗೆ ಒಂದು ವಿಳಾಸ ಸಿಗುವುದಿಲ್ಲ. ಪಾಠ ಶಿಕ್ಷಣ ಇಲಾಖೆಯದು. ಪ್ರಮಾಣಪತ್ರ ಆರೋಗ್ಯ ಇಲಾಖೆಯದು. ಮಾಸಾಶನ ಕಂದಾಯ ಇಲಾಖೆಯದು. ಇನ್ನುಳಿದ ಸೌಲಭ್ಯಗಳಲ್ಲಿ ಹಲವು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವು. ಮಗು ಒಂದೇ, ಮೇಜುಗಳು ನಾಲ್ಕು. ಕರಿಕೆಯಿಂದಲೋ ಬಿರುನಾಣಿಯಿಂದಲೋ ಹೊರಟವರಿಗೆ ಈ ಮೇಜುಗಳು ಒಂದೇ ದಿನದಲ್ಲಿ ಸಿಗುವುದೂ ಇಲ್ಲ.

ಈ ವ್ಯವಸ್ಥೆಯನ್ನು ಯಾರೂ ಒಂದೇ ಸಲ ಕೂತು ಕಟ್ಟಿದ್ದಲ್ಲ. ಅದು ಕಂತು ಕಂತಾಗಿ ಬೆಳೆಯಿತು. ಒಂದು ಕಾಲದಲ್ಲಿ ಕೊಡಗಿನ ಕಿವುಡ ಅಥವಾ ಅಂಧ ಮಗುವಿಗೆ ಓದು ಬೇಕೆಂದರೆ ಘಟ್ಟ ಇಳಿದು ಮೈಸೂರಿನಂಥ ಊರಿನ ವಿಶೇಷ ಶಾಲೆಯ ವಸತಿಗೃಹ ಸೇರಬೇಕಿತ್ತು, ಇಲ್ಲವೇ ಮನೆಯಲ್ಲೇ ಉಳಿಯಬೇಕಿತ್ತು. ಇಂಥ ಮಕ್ಕಳೂ ಸಾಧ್ಯವಾದಷ್ಟೂ ಎಲ್ಲರ ಶಾಲೆಯಲ್ಲೇ ಕಲಿಯಲಿ ಎಂದು 1964–66ರ ಕೊಠಾರಿ ಆಯೋಗ ಹೇಳಿತು. 1974ರಲ್ಲಿ ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ ಬಂತು. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ವಿಶೇಷ ಶಿಕ್ಷಕರ ತರಬೇತಿಗೆ ಒಂದು ಚೌಕಟ್ಟು ಕೊಟ್ಟಿತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿ, 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡಬೇಕೆಂದಿತು. ಹಳ್ಳಿಯ ಶಾಲೆಯ ಬಾಗಿಲಿಗೆ ಇದಾವುದೂ ಹೆಚ್ಚಾಗಿ ತಲುಪಲಿಲ್ಲ.

ತಲುಪಲು ಶುರುವಾದದ್ದು 2001ರ ಹೊತ್ತಿಗೆ, ಸರ್ವ ಶಿಕ್ಷಣ ಅಭಿಯಾನದ ಜೊತೆಗೆ. ಇಂದು ಪೋಷಕರು ಕಾಣುವ ವ್ಯವಸ್ಥೆಯ ಅಚ್ಚು ಬಿದ್ದದ್ದು ಆಗಲೇ, ಆದ್ದರಿಂದ ಆ ಕಾಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದು ಎಂಬುದು ಅಭಿಯಾನದ ನಿಯಮವಾಗಿತ್ತು. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿನ ಲೆಕ್ಕಕ್ಕೆ ವರ್ಷಕ್ಕೆ ₹1,200ರವರೆಗೆ ಅನುದಾನವಿತ್ತು. ಮುಂದೆ ಅದು ₹3,000ಕ್ಕೆ ಏರಿತು, 2018ರಲ್ಲಿ ಅಭಿಯಾನದ ಜಾಗಕ್ಕೆ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ₹3,500 ಆಯಿತು. ಈ ಹಣ ಇಡಿಯಾಗಿ ಪೋಷಕರ ಕೈಗೆ ಬರುವುದಿಲ್ಲ. ಶಿಬಿರ, ಸಲಕರಣೆ, ಥೆರಪಿ, ಪ್ರಯಾಣ ಮತ್ತು ಬೆಂಗಾವಲು ಭತ್ಯೆ, ತರಬೇತಿ ಎಲ್ಲವೂ ಇದರಲ್ಲೇ ನಡೆಯಬೇಕು. ತಿಂಗಳಿಗೆ ಹಂಚಿದರೆ ಮುನ್ನೂರು ರೂಪಾಯಿಯೂ ಆಗದ ಈ ಮೊತ್ತದಲ್ಲಿ ಏನೆಲ್ಲ ನಿರೀಕ್ಷಿಸಲಾಗಿದೆ ಎಂಬುದನ್ನು ಓದುಗರು ಗಮನಿಸಬೇಕು.

ಆಗ ಕೊಡಗಿನಲ್ಲಿದ್ದದ್ದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ತಾಲ್ಲೂಕುಗಳು. ಸೇವೆ ಬಂದು ನಿಂತದ್ದು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ. ಅಲ್ಲಿನ ಸಂಪನ್ಮೂಲ ಶಿಕ್ಷಕರನ್ನು ಇಲಾಖೆಯಲ್ಲಿ ಬಿಐಇಆರ್‌ಟಿ ಎನ್ನುತ್ತಾರೆ. ಮಕ್ಕಳನ್ನು ಗುರುತಿಸುವುದು, ಶಿಬಿರಕ್ಕೆ ಕರೆತರುವುದು, ಶಾಲೆಗೆ ಹೋಗಿ ತರಗತಿ ಶಿಕ್ಷಕರಿಗೆ ದಾರಿ ತೋರಿಸುವುದು, ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ಮನೆಗೆ ಹೋಗಿ ಕಲಿಸುವುದು, ಇಷ್ಟರ ಮೇಲೆ ಅಂಕಿಅಂಶ ತುಂಬುವುದು ಅವರ ಕೆಲಸ. ಮಗು ಊರ ಶಾಲೆಯಲ್ಲಿ, ಕಲಿಸಬಲ್ಲವರು ತಾಲ್ಲೂಕು ಕೇಂದ್ರದಲ್ಲಿ. ನನ್ನ ಮಟ್ಟಿಗೆ ಇವತ್ತಿನ ಬಹುಪಾಲು ತೊಂದರೆಗಳ ಬೇರು ಇಲ್ಲಿಯೇ ಇದೆ. ಬಯಲು ಸೀಮೆಯಲ್ಲಾದರೆ ಈ ಅಂತರವನ್ನು ಒಂದು ಬೈಕ್ ಸವಾರಿ ತುಂಬೀತು. ಮನೆಗಳು ತೋಟದಿಂದ ತೋಟಕ್ಕೆ ಚದುರಿಕೊಂಡಿರುವ, ರೈಲೇ ಇಲ್ಲದ, ಮಳೆಗಾಲದಲ್ಲಿ ಭಾಗಮಂಡಲದ ರಸ್ತೆ ನೀರಿನಡಿ ಹೋಗುವ ಜಿಲ್ಲೆಯಲ್ಲಿ ವಾರಕ್ಕೊಂದು ಭೇಟಿ ಎಂದು ಬರೆದದ್ದು ತಿಂಗಳಿಗೊಂದಾಗಲು ಯಾರ ಆಲಸ್ಯವೂ ಬೇಕಿಲ್ಲ.

ಶಿಬಿರಗಳ ಬಗ್ಗೆ ಹೇಳಬೇಕು. ವೈದ್ಯಕೀಯ ಮೌಲ್ಯಾಂಕನ ಶಿಬಿರದ ದಿನ ಕಿವಿ, ಕಣ್ಣು, ಮೂಳೆ, ಮನೋರೋಗ ತಜ್ಞರು ಒಂದೇ ಕಡೆ ಸೇರುತ್ತಾರೆ. ಪೋಷಕರಿಗೆ ಇದು ನಿಜಕ್ಕೂ ಉಪಕಾರ. ತೋಟದ ಲೈನ್ ಮನೆಯ ತಾಯಿ ಆ ದಿನದ ಕೂಲಿ ಬಿಟ್ಟು, ಎಂಟು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ಬಂದು ಸಾಲಿನಲ್ಲಿ ಕೂರುತ್ತಾಳೆ. ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್‌ಗೆಂದು ಅವನ ಕಾಲಿನ ಅಳತೆ ತೆಗೆಯುತ್ತಾರೆ. ಸಲಕರಣೆ ಕೈಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ, ಬೆಳೆಯುವ ಮಗುವಿನ ಕಾಲು ಕಾಯುವುದಿಲ್ಲ. ಪಟ್ಟಿ ಬಿಗಿಯಾಗಿ ಚರ್ಮ ಕೆಂಪಾದರೆ ಕ್ಯಾಲಿಪರ್ ಅಟ್ಟ ಸೇರುತ್ತದೆ. ಶ್ರವಣ ಸಾಧನದ್ದು ಬೇರೆ ಕಷ್ಟ. ಆಷಾಢದ ತೇವಕ್ಕೆ ಯಂತ್ರದೊಳಗೆ ಪಸೆ ಹಿಡಿದು ಕರಕರ ಶಬ್ದ ಶುರುವಾಗುತ್ತದೆ. ರಾತ್ರಿ ಅದನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕೆಂದು ಕೊಡುವಾಗಲೇ ಹೇಳಿದರೆ ಅದು ಉಳಿದೀತು. ಹೇಳದಿದ್ದರೆ ಮಗು ಅದನ್ನು ಕಿತ್ತೆಸೆಯುತ್ತದೆ, ಶಾಲೆಯವರು ಮಗು ಹಟ ಮಾಡುತ್ತದೆ ಎಂದುಕೊಳ್ಳುತ್ತಾರೆ. ದುರಸ್ತಿಗೂ ಮರುಪರೀಕ್ಷೆಗೂ ಅನೇಕರು ಹೋಗುವುದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಶಾಲೆಗಳ ಇಳಿಜಾರು ದಾರಿಯನ್ನೂ ನೋಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಜಾಗವಿಲ್ಲದೆ ಕಡಿದಾಗಿ ಕಟ್ಟಿದ್ದರ ಮೇಲೆ ಎರಡು ಮಳೆಗಾಲದಲ್ಲಿ ಪಾಚಿ ಕೂತರೆ, ಗಾಲಿಕುರ್ಚಿಯ ಮಾತಿರಲಿ, ಶಿಕ್ಷಕರೇ ಜಾರುತ್ತಾರೆ.

ಇಷ್ಟಾದರೂ ಆ ವರ್ಷಗಳನ್ನು ಹಗುರವಾಗಿ ಕಾಣಬಾರದು. ಮನೆಯ ಒಳಕೋಣೆಯಲ್ಲಿದ್ದ ಮಕ್ಕಳ ಹೆಸರು ಮೊದಲ ಬಾರಿಗೆ ಹಾಜರಿ ಪುಸ್ತಕಕ್ಕೆ ಬಂದದ್ದು ಆಗಲೇ. ಸುಂಟಿಕೊಪ್ಪದ ‘ಸ್ವಸ್ಥ’ದಂಥ ವಿಶೇಷ ಶಾಲೆಗಳು ಸರ್ಕಾರಿ ಶಾಲೆ ನಿಭಾಯಿಸಲಾಗದ ಮಕ್ಕಳಿಗೆ ಆಸರೆಯಾದವು.

ಕಾನೂನು ಮಾತ್ರ ಬೇಗ ಬೇಗ ಮುಂದಕ್ಕೆ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 2012ರ ತಿದ್ದುಪಡಿ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಗುವಿಗೆ ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಆರಿಸಿಕೊಳ್ಳುವವರು ಮಗು ಮತ್ತು ಪೋಷಕರು. ‘ಮನೆಯಲ್ಲೇ ಇರಲಿ, ನಾವೇ ಬರುತ್ತೇವೆ’ ಎಂದು ಶಾಲೆಯೇ ನಿರ್ಧರಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಮನೆಯಲ್ಲೇ ಉಳಿಯುವ ಮಕ್ಕಳಿಗೆ ಆಗುವ ನಷ್ಟ ದೊಡ್ಡದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು ಏಳರಿಂದ 21ಕ್ಕೆ ಏರಿಸಿತು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಓದು, ಬರಹ, ಲೆಕ್ಕ ಕಲಿಯುವುದರಲ್ಲಿನ ತೊಡಕು, ಒಳಗೆ ಬಂದವು. ಕಲಿಕಾ ನ್ಯೂನತೆಯ ಮೊದಲ ತಪಾಸಣೆ ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಾಲೆಯಲ್ಲೇ ಆಗಬೇಕು ಎಂದು 2018ರ ಮಾರ್ಗಸೂಚಿ ಹೇಳುತ್ತದೆ. ಕೊಡಗಿನಲ್ಲಿ ಇದು ಬಹಳ ಸೂಕ್ಷ್ಮದ ಕೆಲಸ. ತರಗತಿಯಲ್ಲಿ ಕೂತ ಮಕ್ಕಳ ಮನೆಮಾತು ಕೊಡವ, ಅರೆಭಾಷೆ, ತುಳು, ಮಲಯಾಳ, ತಮಿಳು, ಹಾಡಿಯ ಯರವ ಅಥವಾ ಜೇನುಕುರುಬ ನುಡಿ. ಇತ್ತೀಚೆಗೆ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಸೇರಿದ್ದಾರೆ. ಪುಸ್ತಕ ಕನ್ನಡದ್ದು. ‘ಕ’ಗೂ ‘ಗ’ಗೂ ತಡವರಿಸುವ ಮಗುವಿಗೆ ಕನ್ನಡ ಹೊಸದೇ, ಅಥವಾ ಓದುವುದೇ ಕಷ್ಟವೇ? ಮನೆಮಾತಿನಲ್ಲಿ ಕಥೆ ಹೇಳಿಸಿ, ಪ್ರಾಸ ಹಿಡಿಸಿ ನೋಡದೆ ಇದನ್ನು ಹೇಳಲಾಗದು. ಒಂದು ದಿನದ ಶಿಬಿರದಲ್ಲಿ ಅದು ಆಗುವುದಿಲ್ಲ. ಹೀಗಾಗಿ ಕೆಲವು ಮಕ್ಕಳಿಗೆ ಇಲ್ಲದ ನ್ಯೂನತೆಯ ಹಣೆಪಟ್ಟಿ ಅಂಟುತ್ತದೆ, ಇನ್ನು ಕೆಲವರು ‘ದಡ್ಡ’ ಎನಿಸಿಕೊಂಡೇ ಹತ್ತನೇ ತರಗತಿ ತಲುಪುತ್ತಾರೆ.

ಅಲ್ಲಿಂದ ಮುಂದೆ ಎಲ್ಲರ ಬಾಯಲ್ಲೂ ಇರುವ ಸಂಖ್ಯೆ 40. ಶೇ 40ರಷ್ಟು ಅಂಗವೈಕಲ್ಯವಿದೆ ಎಂದು ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಇದ್ದರೆ ಮಾಸಾಶನವೂ ಇತರ ಹಲವು ಸವಲತ್ತುಗಳೂ ಸಿಗುತ್ತವೆ. ಆನ್‌ಲೈನ್ ಅರ್ಜಿ ಹಾಕಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಂಥ ಕಡೆ ತಜ್ಞರ ಮುಂದೆ ಹಾಜರಾಗಬೇಕು. 2016ರ ಕಾಯ್ದೆಯ 31ನೇ ಸೆಕ್ಷನ್ ಹೇಳುವ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕಿಗೆ ಈ ಶೇ 40ರ ಮಿತಿ ಇದೆ. ಆದರೆ 16 ಮತ್ತು 17ನೇ ಸೆಕ್ಷನ್‌ಗಳಲ್ಲಿ ಆ ಮಿತಿ ಇಲ್ಲ. ಭೇದವಿಲ್ಲದೆ ಸೇರಿಸಿಕೊಳ್ಳುವುದು, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಬರುವುದು ಅಲ್ಲಿ. ‘ಮೊದಲು ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ’ ಎಂಬ ಮಾತಿನಲ್ಲಿ ಕಳೆದುಹೋಗುವ ಎರಡು ವರ್ಷ ಆರು ವರ್ಷದ ಮಗುವಿನ ಬದುಕಿನಲ್ಲಿ ಬಹಳ ದೊಡ್ಡದು.

ಶಿಕ್ಷಕರ ಕೊರತೆ ಕೊನೆಗೆ ಸುಪ್ರೀಂ ಕೋರ್ಟ್ ತಲುಪಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದ 2021ರ ಅಕ್ಟೋಬರ್ 28ರ ತೀರ್ಪು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದಿತು. ಅದು ಈಡೇರುವವರೆಗೆ ಕ್ಲಸ್ಟರ್ ಶಾಲೆಗಳ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ನಡುವೆ ಸಂಚಾರಿ ಶಿಕ್ಷಕರು ಓಡಾಡಲಿ ಎಂದಿತು. 2025ರ ಮಾರ್ಚ್‌ನಲ್ಲಿ ಮತ್ತೆ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಹತ್ತಿಪ್ಪತ್ತು ಮಕ್ಕಳ ಶಾಲೆಗಳೇ ಹೆಚ್ಚಿರುವ ಗುಡ್ಡಗಾಡಿಗೆ ಈ ಸಂಚಾರಿ ಶಿಕ್ಷಕರ ವ್ಯವಸ್ಥೆಯೇ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಮಕ್ಕಳ ತಲೆ ಎಣಿಸಿ ಹುದ್ದೆ ಕೊಡುವಾಗ ದೂರವನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶ್ರೀಮಂಗಲದಿಂದ ಕುಟ್ಟದವರೆಗಿನ ನಾಲ್ಕು ಮಕ್ಕಳೂ ಕುಶಾಲನಗರ ಪೇಟೆಯ ಹತ್ತು ಮಕ್ಕಳೂ ಒಬ್ಬ ಶಿಕ್ಷಕರಿಂದ ಬೇಡುವ ಸಮಯ ಹೆಚ್ಚುಕಡಿಮೆ ಒಂದೇ.

ಸದ್ಯಕ್ಕೆ ಪೋಷಕರು ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಶುರುಮಾಡಬಹುದು. ಮಗುವಿನ ತೊಂದರೆ ಇಂಥದ್ದು, ಬಿಐಇಆರ್‌ಟಿ ಅವರಿಂದ ಮೌಲ್ಯಾಂಕನ ಮಾಡಿಸಿ, ವೈಯಕ್ತಿಕ ಶಿಕ್ಷಣ ಯೋಜನೆ ತಯಾರಿಸಿ ಎಂದು ಬರೆದು, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೂ ಕೊಡಿ. ಬರೆಯಲು ಬಾರದವರಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಅಲ್ಲಿ ಕೆಲಸವಾಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಲು ಅವಕಾಶವಿದೆ, ಅದಕ್ಕೆ ವಕೀಲರ ಅಗತ್ಯವಿಲ್ಲ. ಅರ್ಜಿ ಎಲ್ಲೇ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಂಡೇ ಹೊರಡಿ.