ಐಸೊಕಾನ್: ಅಗಾಥಾ ಕ್ರಿಸ್ಟಿ ಯುದ್ಧಕಾಲ ಕಳೆದ ಕಾಂಕ್ರೀಟ್ ಮನೆ

'ಐಸೊಮೆಟ್ರಿಕ್ ಯೂನಿಟ್ ಕನ್‌ಸ್ಟ್ರಕ್ಷನ್' ಎಂಬ ಮೂರು ಮಾತು ಮುರಿದು ಜೋಡಿಸಿದ ಪದ 'ಐಸೊಕಾನ್'. ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಿಗೆ ಐಸೊಮೆಟ್ರಿಕ್ ಹೊಸದಲ್ಲ. 30 ಡಿಗ್ರಿ ಕೋನದಲ್ಲಿ ಗೆರೆ ಎಳೆದು, ವಸ್ತುವಿನ ಮೂರು ಮುಖ ಒಂದೇ ಚಿತ್ರದಲ್ಲಿ ಕಾಣುವಂತೆ, ಮೂರು ದಿಕ್ಕಿನ ಅಳತೆಯೂ ಒಂದೇ ಪ್ರಮಾಣದಲ್ಲಿ ಉಳಿಯುವಂತೆ ಬರೆಯುವ ನಕ್ಷೆ ಅದು. ಈ ಹೆಸರಿನ ಕಟ್ಟಡವನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್‌ಗೆ ಆ ನಕ್ಷೆ ಅಚ್ಚುಮೆಚ್ಚು. 'ಯೂನಿಟ್' ಅಂದರೆ ಒಂದೇ ಅಳತೆಯ ಮನೆಯನ್ನು ಸಾಲಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಜೋಡಿಸುತ್ತಾ ಹೋಗುವುದು.

ಮೊದಲು ಇದು ಕಂಪನಿಯ ಹೆಸರಾಗಿತ್ತು. ಈಗ ಐಸೊಕಾನ್ ಎಂದರೆ ಸಾಮಾನ್ಯವಾಗಿ ನೆನಪಾಗುವುದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಳಿ, ಲಾನ್ ರೋಡಿನಲ್ಲಿರುವ ಕಟ್ಟಡ. ಪ್ಲೈವುಡ್ ವ್ಯಾಪಾರದಲ್ಲಿದ್ದ ಜ್ಯಾಕ್ ಪ್ರಿಚರ್ಡ್ ಮತ್ತು ಅವರ ಪತ್ನಿ ಮಾಲಿ ಕಟ್ಟಿಸಿದ್ದು. 1934ರ ಜುಲೈನಲ್ಲಿ ತೆರೆಯಿತು. ಬ್ರಿಟನ್ನಿನಲ್ಲಿ ವಾಸಕ್ಕೆಂದು ಕಬ್ಬಿಣದ ಸರಳಿನ ಕಾಂಕ್ರೀಟಿನಲ್ಲಿ ಕಟ್ಟಿದ ಮೊದಮೊದಲ ವಸತಿ ಕಟ್ಟಡಗಳಲ್ಲಿ ಇದೂ ಒಂದು.

ಇದರ ಹಿಂದೆ ಇನ್ನೊಂದು ಪರಿಕಲ್ಪನೆ ಇದೆ: 'ಕನಿಷ್ಠ ಮನೆ'. 1929ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಆಧುನಿಕ ವಾಸ್ತುಶಿಲ್ಪಿಗಳ ಸಮ್ಮೇಳನ ಚರ್ಚಿಸಿದ್ದು ಇದನ್ನೇ. ಕನಿಷ್ಠ ಎಂದರೆ ಕಳಪೆ ಎಂದಲ್ಲ. ಒಬ್ಬ ಮನುಷ್ಯನಿಗೆ ಗೋಡೆಯೊಳಗೆ ಇರಲೇಬೇಕಾದದ್ದು ಏನು, ಹೊರಗಿನಿಂದ ಸೇವೆಯಾಗಿ ಬಂದರೆ ಸಾಕಾದದ್ದು ಏನು ಎಂಬ ಲೆಕ್ಕಾಚಾರ. ಲಾನ್ ರೋಡಿನ ಚಿಕ್ಕ ಫ್ಲಾಟುಗಳಲ್ಲಿ ಒಂದು ಕೋಣೆ, ಬಚ್ಚಲು, ಬಟ್ಟೆ ಬದಲಿಸುವ ಗೂಡು, ನಿಂತು ಅಡುಗೆ ಮಾಡುವಷ್ಟೇ ಜಾಗ. ಕಪಾಟು, ಮೇಜುಗಳನ್ನು ಕಟ್ಟುವಾಗಲೇ ಗೋಡೆಗೆ ಕೂಡಿಸಿದ್ದರು. ಬಟ್ಟೆ ಒಗೆಯುವುದು, ನೆಲ ಒರೆಸುವುದು, ಬೂಟಿಗೆ ಪಾಲಿಶ್ ಹಾಕುವುದು ಎಲ್ಲ ಕಟ್ಟಡದ ಸಿಬ್ಬಂದಿಯ ಕೆಲಸ. ಊಟ ಕೆಳಗಿನ ಅಡುಗೆಮನೆಯಿಂದ ಪುಟ್ಟ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. 1937ರಲ್ಲಿ ಆ ಅಡುಗೆಮನೆಯೇ 'ಐಸೊಬಾರ್' ಎಂಬ ರೆಸ್ಟೋರೆಂಟ್ ಆಯಿತು. ವಿನ್ಯಾಸ ಮಾಡಿದವರು ಅಲ್ಲೇ ವಾಸವಿದ್ದ ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್. ಮನೆಗಳ ಬಾಗಿಲು ಹೊರಗೆ ಚಾಚಿದ ಉದ್ದನೆಯ ಜಗಲಿಗೆ ತೆರೆಯುವುದನ್ನು ನೋಡಿ ಇದನ್ನು ನಮ್ಮ ವಠಾರಕ್ಕೆ ಹೋಲಿಸಬಾರದು. ವಠಾರದಲ್ಲಿ ನಲ್ಲಿ, ಬಚ್ಚಲು ಹಂಚಿಕೆಯವು. ಇಲ್ಲಿ ಅವು ಸ್ವಂತದವು, ಹಂಚಿಕೊಂಡದ್ದು ಮನೆಗೆಲಸವನ್ನು.

ಈ ಲೆಕ್ಕಾಚಾರಕ್ಕೆ ನಿಜವಾದ ಪರೀಕ್ಷೆ ಒಡ್ಡಿದ್ದು ಯುದ್ಧ. ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ ಹಲವು ಮನೆಗಳ ಒಡತಿ. ಲಂಡನ್ನಿನ ಶೆಫೀಲ್ಡ್ ಟೆರೇಸಿನ ಮನೆ 1940ರ ಬಾಂಬ್ ದಾಳಿಗೆ ಸಿಕ್ಕಿತು. ಡೆವನ್ನಿನ ಗ್ರೀನ್‌ವೇ ಬಂಗಲೆಯನ್ನು ಮುಂದೆ ನೌಕಾಪಡೆ ವಶಕ್ಕೆ ತೆಗೆದುಕೊಂಡಿತು. 1941ರಲ್ಲಿ ಅವರು ಲಾನ್ ರೋಡಿನ ಫ್ಲಾಟಿಗೆ ಬಂದರು. ಪತಿ, ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೊವನ್, ವಾಯುಪಡೆಯ ಕೆಲಸದ ಮೇಲೆ ಉತ್ತರ ಆಫ್ರಿಕಾಕ್ಕೆ ಹೋದ ಮೇಲೆ ಒಬ್ಬರೇ ಉಳಿದರು.

ಬಾಂಬ್ ಬೀಳುವ ಊರಿನಲ್ಲಿ ಕಾಂಕ್ರೀಟ್ ಏಕೆ ಮುಖ್ಯ? ಇಟ್ಟಿಗೆ ಮನೆಯಲ್ಲಿ ಭಾರ ಹೊರುವುದು ಗೋಡೆ. ಅದು ಹೊರಕ್ಕೆ ವಾಲಿತೆಂದರೆ ಅದರ ಮೇಲಿನ ತೊಲೆ, ಚಾವಣಿ ಎಲ್ಲ ಕುಸಿಯುತ್ತವೆ. ಗೋಡೆ, ನೆಲ, ಚಾವಣಿ ಒಂದೇ ಅಚ್ಚಾಗಿ ಎರಕವಾದ ಕಾಂಕ್ರೀಟಿನಲ್ಲಿ ಒಂದು ಭಾಗ ಒಡೆದರೂ ಒಳಗಿನ ಸರಳುಗಳು ಭಾರವನ್ನು ಪಕ್ಕಕ್ಕೆ ದಾಟಿಸುತ್ತವೆ. ನೇರ ಬಿದ್ದ ದೊಡ್ಡ ಬಾಂಬಿಗೆ ಇದೂ ಉತ್ತರವಲ್ಲ. ಗಾಜಿಗಂತೂ ಕಾಂಕ್ರೀಟಿನಿಂದ ಯಾವ ರಕ್ಷಣೆಯೂ ಇಲ್ಲ. ದೂರದಲ್ಲಿ ಸಿಡಿದರೂ ಒತ್ತಡದ ಅಲೆಗೆ ಕಿಟಕಿ ಚೂರಾಗುತ್ತದೆ. ಹಾಗಾಗಿ ಕ್ರಿಸ್ಟಿ ಮುಖದ ಮೇಲೆ ದಿಂಬು ಇಟ್ಟುಕೊಂಡು ಮಲಗುತ್ತಿದ್ದರು. ಪಕ್ಕದ ಕುರ್ಚಿಯ ಮೇಲೆ ತುಪ್ಪಳದ ಕೋಟು ಮತ್ತು ಬಿಸಿನೀರಿನ ರಬ್ಬರ್ ಚೀಲ. ಯುದ್ಧಕಾಲದಲ್ಲಿ ರಬ್ಬರಿನ ಅಭಾವ, ಆ ಚೀಲ ಹೋದರೆ ಇನ್ನೊಂದು ಸಿಗುತ್ತಿರಲಿಲ್ಲ. ಕನಿಷ್ಠ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತಿಳಿದಂತೆ ಬೇರೆ ಇಲ್ಲ.

ಮನೆಗೆಲಸದ ಹೊರೆ ಇಳಿದದ್ದರ ಫಲ ಅವರ ದಿನಚರಿಯಲ್ಲಿ ಕಾಣುತ್ತದೆ. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಔಷಧಾಲಯದಲ್ಲಿ ವಾರಕ್ಕೆ ಎರಡು ಪೂರ್ತಿ ದಿನ, ಮೂರು ಅರ್ಧ ದಿನ, ಜೊತೆಗೆ ವಾರ ಬಿಟ್ಟು ವಾರ ಶನಿವಾರ ಬೆಳಗ್ಗೆ ಕೆಲಸ. ಔಷಧ ತಯಾರಿಕೆಯನ್ನು ಅವರು ಮೊದಲ ಮಹಾಯುದ್ಧದಲ್ಲೇ ಕಲಿತಿದ್ದರು. ಕಾದಂಬರಿಗಳ ವಿಷಪ್ರಯೋಗಗಳು ಅಷ್ಟು ಕರಾರುವಾಕ್ಕಾಗಿರುವುದು ಅದರಿಂದಲೇ. ಉಳಿದ ಹೊತ್ತೆಲ್ಲ ಬರವಣಿಗೆ. ಪ್ರಾಚೀನ ಈಜಿಪ್ಟಿನಲ್ಲಿ ನಡೆಯುವ ಕೊಲೆಯ ಕಥೆ ಬರೆಯಿರಿ ಎಂದು ಈಜಿಪ್ಟ್ ತಜ್ಞ ಸ್ಟೀಫನ್ ಗ್ಲಾನ್‌ವಿಲ್ ಒತ್ತಾಯಿಸಿದ್ದೂ ಇದೇ ಅವಧಿಯಲ್ಲಿ. 1947ರವರೆಗೂ ಫ್ಲಾಟು ಅವರ ಬಳಿ ಇತ್ತು.

ಎಲ್ಲರಿಗೂ ಈ ಕಟ್ಟಡ ಹಿಡಿಸಲಿಲ್ಲ. 1946ರಲ್ಲಿ 'ಹೊರೈಝನ್' ಪತ್ರಿಕೆಯ ಓದುಗರು ಇದಕ್ಕೆ ಕುರೂಪದಲ್ಲಿ ಎರಡನೆಯ ಸ್ಥಾನ ಕೊಟ್ಟರು. ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ನಿರ್ಲಕ್ಷ್ಯ. ಸರಳಿನ ಮೇಲಿನ ಕಾಂಕ್ರೀಟ್ ಪದರ ತೆಳುವಾಗಿದ್ದರೆ ಬಿರುಕಿನಿಂದ ನೀರು ಒಳಗಿಳಿಯುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಹೆಕ್ಕಳೆ ಹೆಕ್ಕಳೆಯಾಗಿ ಉದುರುತ್ತದೆ. ಬಣ್ಣ, ಗಿಲಾವನ್ನು ಕಾಲಕಾಲಕ್ಕೆ ನೋಡಿಕೊಳ್ಳದಿದ್ದರೆ ಈ ಬಗೆಯ ಕಟ್ಟಡ ಬೇಗ ಸೊರಗುವುದು ಇದಕ್ಕೇ. 1990ರ ದಶಕದ ಹೊತ್ತಿಗೆ ಇದು ಹಾಳುಬಿದ್ದಿತ್ತು. 1999ರಲ್ಲಿ ಸಂರಕ್ಷಿತ ಕಟ್ಟಡಗಳ ಮೊದಲ ದರ್ಜೆಗೆ ಸೇರಿತು. ಅವಂತಿ ಆರ್ಕಿಟೆಕ್ಟ್ಸ್ ಸಂಸ್ಥೆ ದುರಸ್ತಿ ಮಾಡಿದ ಮೇಲೆ ಮತ್ತೆ ಜನ ವಾಸಕ್ಕೆ ಬಂದರು. ಹಳೆಯ ಗ್ಯಾರೇಜು 2014ರಿಂದ ಐಸೊಕಾನ್ ಗ್ಯಾಲರಿಯಾಗಿದೆ.