ಮನುಷ್ಯ ಬೇಟೆಯಾಡುವುದೇಕೆ? ಆತಕೂರಿನ ನಾಯಿಯಿಂದ ಕ್ಲಚ್ ವೈರಿನವರೆಗೆ

ಮನುಷ್ಯ ಬೇಟೆಯಾಡುವುದೇಕೆ ಎಂಬ ಪ್ರಶ್ನೆಗೆ ನಾವೆಲ್ಲ ಪರೀಕ್ಷೆಯಲ್ಲಿ ಬರೆಯುವ ಉತ್ತರ ಗೊತ್ತೇ ಇದೆ: ಆಹಾರಕ್ಕೆ, ಮೋಜಿಗೆ, ಹಣಕ್ಕೆ, ಬೆಳೆ ಉಳಿಸಿಕೊಳ್ಳಲು. ನಾಲ್ಕು ಅಂಕಕ್ಕೆ ನಾಲ್ಕು ಅಂಶ, ಮುಗಿಯಿತು. ನಾನೂ ಹಾಗೇ ಬರೆದವನು. ತಪ್ಪೇನಿಲ್ಲ, ಆದರೆ ಒಂದು ಕಾರಣಕ್ಕೆ ಶುರುವಾದ ಬೇಟೆ ಇನ್ನೆಲ್ಲಿಗೋ ಹೋಗಿ ಮುಟ್ಟುವುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲು ಆತಕೂರಿನ ಶಾಸನ ನೋಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು, ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನಿಗೆ ಅರಸ ಮೆಚ್ಚಿ, ಬೇಕಾದ್ದನ್ನು ಕೇಳು ಅಂದ. ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಬೆಳತೂರಿನ ಬೆಟ್ಟದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟರು. ನಾಯಿ-ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರೀ ಮಾಂಸದ ಆಸೆಗೆ ಯಾರೂ ಕಲ್ಲು ನೆಡುವುದಿಲ್ಲ. ಇಲ್ಲಿರುವುದು ಪ್ರತಿಷ್ಠೆ: ಯುದ್ಧ ಮುಗಿದ ಮೇಲೂ ಶೌರ್ಯವನ್ನು ಮೆರೆಸಲು ಒಂದು ಜಾಗ ಬೇಕು, ಅದು ಕಾಡು.

ಈ ಪ್ರತಿಷ್ಠೆಗೆ ಒಂದು ವಿಚಿತ್ರ ಮಗ್ಗುಲಿದೆ. ಮೈಸೂರು ಅರಸರು ಬೇಟೆಗೆಂದು ಕಾದಿಟ್ಟುಕೊಂಡ ಬಂಡೀಪುರದ ಕಾಡು 1973ರಲ್ಲಿ ಹುಲಿಗಳನ್ನು ಉಳಿಸಲು ಶುರುವಾದ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲುಗಳಲ್ಲಿ ಒಂದಾಯಿತು. ಷಿಕಾರಿಯ ಆಸೆ ಹುಲಿಯನ್ನು ಕೊಂದಿತು, ಹುಲಿಯ ಕಾಡನ್ನು ಉಳಿಸಿತು. ಹೀಗೆಂದ ಮಾತ್ರಕ್ಕೆ ಅರಸರನ್ನು ಸಂರಕ್ಷಕರು ಎಂದು ಬರೆದುಬಿಡಬೇಡಿ, ಉದ್ದೇಶ ಅದಾಗಿರಲಿಲ್ಲ.

ಗುಂಡು ಗುರಿ ತಪ್ಪಿದರೇನಾಗುತ್ತದೆ ಎಂಬುದಕ್ಕೆ ಕುಮಾವೋನಿನ ಚಂಪಾವತ್ ಹೆಣ್ಣುಹುಲಿ ಉದಾಹರಣೆ. ಅದು 436 ಜನರನ್ನು ಕೊಂದಿತ್ತೆಂದು ಲೆಕ್ಕ ಹೇಳುತ್ತಾರೆ. 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಅದನ್ನು ಹೊಡೆದು ನೋಡಿದಾಗ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಳೆಯ ಗುಂಡೇಟಿನ ಗಾಯ ಅದು. ಮಾಮೂಲಿ ಬೇಟೆ ಹಿಡಿಯಲಾಗದೆ ಹುಲಿ ಮನುಷ್ಯರತ್ತ ತಿರುಗಿತು ಎಂಬುದು ಅವರ ತೀರ್ಮಾನ. ಜನರ ರಕ್ಷಣೆಗೆ ನಡೆದ ಬೇಟೆಯ ಬೇರು ಹಳೆಯದೊಂದು ಬೇಟೆಯಲ್ಲೇ ಇತ್ತು.

ಮಲೆನಾಡು, ಕೊಡಗಿನ ಹಳೆಯ ಗುಂಪುಬೇಟೆಯಲ್ಲಿ ಹಳು (ಪೊದೆಗಾಡು) ನುಗ್ಗಿ ಪ್ರಾಣಿ ಎಬ್ಬಿಸಿದವರಿಗೂ, ಕೋವಿ ಹಿಡಿದವರಿಗೂ, ನಾಯಿ ತಂದವರಿಗೂ ಪಾಲಿತ್ತು. ಮಾಂಸದಷ್ಟೇ ಮುಖ್ಯ ಆ ಕೂಟ. ಪೇಟೆಯಲ್ಲಿ ಕೋಳಿ ಸಿಗುತ್ತದಲ್ಲ ಎಂದರೆ ಅಂಥ ಬೇಟೆ ನಿಲ್ಲುವುದಿಲ್ಲ ಎಂದು ನನಗನ್ನಿಸುವುದು ಇದಕ್ಕೇ.

ಹಣದ ಬೇಟೆಗೆ ಕೂಟವೂ ಬೇಡ, ಶೌರ್ಯವೂ ಬೇಡ. ಏಷ್ಯಾದ ಆನೆಗಳಲ್ಲಿ ಉದ್ದ ದಂತವಿರುವುದು ಗಂಡಿಗೆ ಮಾತ್ರ. ಹಾಗಾಗಿ ದಂತಚೋರರು ಗಂಡನ್ನೇ ಹುಡುಕಿ ಹೊಡೆದರು. ಕೇರಳದ ಪೆರಿಯಾರಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಒಂದು ವಯಸ್ಕ ಗಂಡಿಗೆ ನೂರಕ್ಕೂ ಹೆಚ್ಚು ಹೆಣ್ಣಾನೆಗಳೆಂಬ ಸ್ಥಿತಿ ಬಂತು, ಮರಿಗಳ ಹುಟ್ಟೂ ಇಳಿಯಿತು. ಆನೆಗಳನ್ನು ಬರೀ ಎಣಿಸಿದರೆ ಈ ನಷ್ಟ ಕಾಣುವುದಿಲ್ಲ. ಚಿಪ್ಪುಹಂದಿಯದು ಇನ್ನೂ ಪಾಪ: ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಚಿರತೆಯ ಹಲ್ಲಿಗೆ ಆ ಉಂಡೆ ಸಿಗದು, ಮನುಷ್ಯನಿಗೆ ಎತ್ತಿ ಚೀಲಕ್ಕೆ ಹಾಕಿಕೊಳ್ಳುವಷ್ಟು ಸಲೀಸು. ಔಷಧಿಯೆಂದು ಮಾರುವ ಆ ಚಿಪ್ಪು ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ.

ಕೊನೆಯದು ಬೆಳೆ. ಒಂದೇ ರಾತ್ರಿ ಹಂದಿಗಳ ಹಿಂಡು ಜೋಳದ ಹೊಲಕ್ಕೆ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ರೈತನ ಸಿಟ್ಟು ಸುಳ್ಳಲ್ಲ. ಬೇಲಿಯಲ್ಲಿ ಹಂದಿ ನುಸುಳುವ ಕಂಡಿಗೆ ಬೈಕಿನ ಹಳೆಯ ಕ್ಲಚ್ ವೈರನ್ನು ಜಾರುಗಂಟು ಹಾಕಿ, ತುದಿಯನ್ನು ಗೂಟಕ್ಕೆ ಕಟ್ಟುತ್ತಾರೆ. ಇದೇ ಉರುಳು. ಎಳೆದಷ್ಟೂ ಬಿಗಿಯುತ್ತದೆ. ಆದರೆ ಅದೇ ಕಂಡಿಯಲ್ಲಿ ಚಿರತೆಯೂ ಓಡಾಡುತ್ತದೆ. ಅದರ ತಲೆ, ಮುಂಗಾಲು ದಾಟಿ ವೈರು ಸೊಂಟಕ್ಕೆ ಬೀಳುತ್ತದೆ. ಕರ್ನಾಟಕದಲ್ಲಿ ಉರುಳಿಗೆ ಸಿಕ್ಕ ಚಿರತೆಯ ಸುದ್ದಿ ಮತ್ತೆ ಮತ್ತೆ ಬರುವುದು ಹೀಗೆ.

ಈಗ ಕಾನೂನು. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಸೆಕ್ಷನ್ 2(16) ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳಿಗೆ ಬೀಳಿಸುವುದು, ಗಾಯ ಮಾಡುವುದು, ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದೂ ಬೇಟೆಯೇ. ಕೊಲ್ಲುವ, ಹಿಡಿಯುವ, ಉರುಳಿಗೆ ಬೀಳಿಸುವ ಪ್ರಯತ್ನವೂ ಬೇಟೆಯೇ. ಪರೀಕ್ಷೆಯಲ್ಲಿ ನಾವು ಹೆಚ್ಚಾಗಿ ಎಡವುವುದು ಸೆಕ್ಷನ್ 11(2)ರಲ್ಲಿ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎನ್ನುವಷ್ಟನ್ನು ಬರೆದು ನಿಲ್ಲಿಸಿಬಿಡುತ್ತೇವೆ. ಅದಕ್ಕೊಂದು ಷರತ್ತಿದೆ: ಆ ಹೊತ್ತಿನಲ್ಲಿ ಆತ ಈ ಕಾಯ್ದೆಯನ್ನು ಮೀರುವ ಕೆಲಸದಲ್ಲಿ ತೊಡಗಿರಬಾರದು. ಬೆಳಗ್ಗೆ ತಾನಿಟ್ಟ ಉರುಳನ್ನು ನೋಡಲು ಹೋದವನ ಮೇಲೆ ಸಿಕ್ಕಿಬಿದ್ದ ಚಿರತೆ ಎರಗಿ, ಆತ ಅದನ್ನು ಕೊಂದರೆ, ಜೀವ ಉಳಿಸಿಕೊಳ್ಳಲು ಹೊಡೆದೆ ಎಂಬ ಮಾತು ಈ ಸೆಕ್ಷನ್ನಿನಡಿ ಅವನನ್ನು ಕಾಯುವುದಿಲ್ಲ.