ಫೈನ್‌ಮನ್ ಗೊತ್ತು, ತೊಮೊನಾಗ ಮಾಡಿದ್ದೇನು?

ಪ್ರಶ್ನೆ: 1965ರ ಭೌತಶಾಸ್ತ್ರದ ನೊಬೆಲ್ ಮೂವರಿಗೆ ಬಂತು. ಫೈನ್‌ಮನ್ ಗೊತ್ತು, ಶ್ವಿಂಗರ್ ಹೆಸರೂ ಕೇಳಿದ್ದೇನೆ. ಜಪಾನಿನ ತೊಮೊನಾಗ ಮಾಡಿದ್ದೇನು? ಫೈನ್‌ಮನ್ ಮಾಡಿದ್ದನ್ನೇ ಅವರೂ ಮಾಡಿದ್ದು ಅಲ್ವಾ?

ಉತ್ತರ: ಕೊನೆಗೆ ಬಂದ ಲೆಕ್ಕ ಒಂದೇ, ಅದು ನಿಜ. ಆದರೆ ತೊಮೊನಾಗ ಮೊದಲ ಹೆಜ್ಜೆ ಇಟ್ಟಿದ್ದು 1943ರಲ್ಲಿ, ಉಳಿದಿಬ್ಬರಿಗಿಂತ ಮುಂಚೆ. ಅವರು ಹಿಡಿದ ಎಳೆಯೂ ಬೇರೆ. ಅನಂತದ ತಲೆನೋವಿಗೆ ಕೈಹಾಕುವ ಮೊದಲು ಅವರು ‘ಕಾಲ’ವನ್ನು ಸರಿಮಾಡಿಕೊಂಡರು.

ಮೊದಲು ತಲೆನೋವು ಏನಂತ ನೋಡೋಣ. ಎಲೆಕ್ಟ್ರಾನ್ ಮತ್ತು ಬೆಳಕು ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆ ಎಂದು ಹೇಳುವುದೇ ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್. 1930ರ ಹೊತ್ತಿಗೇ ಡಿರಾಕ್, ಹೈಸನ್‌ಬರ್ಗ್, ಪೌಲಿ ಅದರ ಚೌಕಟ್ಟು ಕಟ್ಟಿದ್ದರು. ಒರಟಾಗಿ ಲೆಕ್ಕ ಹಾಕಿದರೆ ಉತ್ತರ ಚೆನ್ನಾಗಿಯೇ ಬರುತ್ತಿತ್ತು. ಇನ್ನೂ ಸ್ವಲ್ಪ ನಿಖರವಾಗಿ ಹಾಕೋಣ ಅಂತ ಹೋದರೆ ಅನಂತ! ಎಲೆಕ್ಟ್ರಾನ್ ತನ್ನ ಸುತ್ತ ವಿದ್ಯುತ್‌ಕಾಂತೀಯ ಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರ ತಿರುಗಿ ಅದೇ ಎಲೆಕ್ಟ್ರಾನ್ ಮೇಲೆ ಪರಿಣಾಮ ಬೀರುತ್ತದೆ. ಇದರ ಶಕ್ತಿಯನ್ನು ಕೂಡಿಸಿದರೆ ಮೊತ್ತಕ್ಕೆ ಕೊನೆಯೇ ಇಲ್ಲ.

ಈಗ ಕಾಲದ ವಿಷಯ. ಹಳೆಯ ಸಮೀಕರಣಗಳು ಇಡೀ ಜಗತ್ತಿಗೆ ಒಂದೇ ಗಡಿಯಾರ ಇಟ್ಟಿದ್ದವು. ‘ಈ ಕ್ಷಣದಲ್ಲಿ ಎಲ್ಲೆಲ್ಲೂ ಏನಿದೆ’ ಎಂಬಲ್ಲಿಂದ ಲೆಕ್ಕ ಶುರು. ಆದರೆ ಐನ್‌ಸ್ಟೈನ್ ಪ್ರಕಾರ ಎಲ್ಲರಿಗೂ ಒಪ್ಪುವ ‘ಈ ಕ್ಷಣ’ ಎನ್ನುವುದೇ ಇಲ್ಲ. ಚಲಿಸುತ್ತಿರುವವನಿಗೆ ಅದು ಬೇರೆ, ನಿಂತವನಿಗೆ ಬೇರೆ. ಒಂದೊಂದು ಕಣಕ್ಕೂ ಅದರದೇ ಕಾಲ ಕೊಡೋಣ ಎಂದು 1932ರಲ್ಲಿ ಡಿರಾಕ್ ಸೂಚಿಸಿದ್ದರು. ತೊಮೊನಾಗ ಅದನ್ನು ಮುಂದಕ್ಕೆ ಒಯ್ದರು. ಕ್ಷೇತ್ರ ಎಲ್ಲ ಕಡೆಯೂ ಇದೆ. ಹಾಗಿದ್ದ ಮೇಲೆ ಜಾಗದ ಒಂದೊಂದು ಬಿಂದುವಿಗೂ ಅದರದೇ ಕಾಲ ಇರಲಿ ಎಂದರು. ಇದಕ್ಕೆ ‘ಸೂಪರ್ ಮೆನಿ-ಟೈಮ್’ ಸಿದ್ಧಾಂತ ಎಂಬ ಹೆಸರು ಬಂತು.

ಸುಮ್ನೆ ಗಣಿತದ ಅಲಂಕಾರ ಅನ್ನಿಸಬಹುದು. ಅಲ್ಲ. ಹಳೆಯ ರೀತಿಯಲ್ಲಿ ಐನ್‌ಸ್ಟೈನ್‌ರ ಈ ಸಾಪೇಕ್ಷತೆ ಲೆಕ್ಕದ ನಡುವೆ ಎಲ್ಲೋ ಮರೆಯಾಗಿಬಿಡುತ್ತಿತ್ತು. ಯಾವ ಅನಂತ ಎಲ್ಲಿಂದ ಬಂತು ಎಂದು ಬಿಡಿಸುವುದು ಕಷ್ಟವಾಗುತ್ತಿತ್ತು. ಹೊಸ ರೀತಿಯಲ್ಲಿ ಹೆಜ್ಜೆಹೆಜ್ಜೆಗೂ ಸಾಪೇಕ್ಷತೆ ಕಣ್ಣೆದುರೇ ಇರುತ್ತದೆ. ಈ ಪ್ರಬಂಧ 1943ರಲ್ಲಿ ಜಪಾನಿ ಭಾಷೆಯಲ್ಲಿ ಅಚ್ಚಾಯಿತು. ಆಗ ಯುದ್ಧ, ಹೊರಗೆ ಯಾರೂ ಓದಲಿಲ್ಲ. ಅದೇ ಯುದ್ಧದಲ್ಲಿ ತೊಮೊನಾಗ ರೇಡಾರ್‌ಗೆ ಬೇಕಾದ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್‌ನ ಸಿದ್ಧಾಂತದ ಮೇಲೂ ಕೆಲಸ ಮಾಡಿದರು. ಇಂಗ್ಲಿಷ್ ಆವೃತ್ತಿ ಬಂದದ್ದು 1946ರಲ್ಲಿ.

ಯುದ್ಧ ಮುಗಿದ ಮೇಲೆ, ಸುಟ್ಟು ಹೋದ ಟೋಕಿಯೊದಲ್ಲಿ ಕಿರಿಯರನ್ನು ಸೇರಿಸಿಕೊಂಡು ಅವರು ಮತ್ತೆ ಕೂತರು. ನನಗೆ ತುಂಬಾ ಇಷ್ಟವಾದ ಭಾಗ ಇದು. 1939ರಲ್ಲಿ ಅಮೆರಿಕದ ಡ್ಯಾಂಕಾಫ್ ಎಂಬುವರು ಎಲೆಕ್ಟ್ರಾನ್ ಚದುರುವಿಕೆಯ ಲೆಕ್ಕ ಹಾಕಿ, ಅದರಲ್ಲೂ ಹೋಗದ ಅನಂತ ಉಳಿಯುತ್ತದೆ ಎಂದಿದ್ದರು. ಹಾಗಾದರೆ ದಾರಿ ಮುಚ್ಚಿತು ಎಂದೇ ಲೆಕ್ಕ. ತೊಮೊನಾಗರ ಗುಂಪು ಆ ಲೆಕ್ಕವನ್ನು ಹೊಸ ವಿಧಾನದಲ್ಲಿ ಮತ್ತೆ ಮಾಡಿತು. ನೋಡಿದರೆ ಡ್ಯಾಂಕಾಫ್ ಲೆಕ್ಕದಲ್ಲಿ ಕೂಡಿಸಬೇಕಾದ ಕೆಲವು ಭಾಗಗಳನ್ನು ಬಿಟ್ಟಿದ್ದರು! ಅವನ್ನು ಸೇರಿಸಿದ ಮೇಲೆ ಚಿತ್ರವೇ ಬದಲಾಯಿತು. ಉಳಿಯುವ ಅನಂತಗಳು ಎರಡೇ ಜಾಗದಲ್ಲಿ: ಒಂದು ಎಲೆಕ್ಟ್ರಾನಿನ ದ್ರವ್ಯರಾಶಿಯಲ್ಲಿ, ಇನ್ನೊಂದು ಅದರ ವಿದ್ಯುದಂಶದಲ್ಲಿ.

ಇದರಿಂದ ಲಾಭ ಏನು? ಅಕ್ಕಿಯನ್ನು ಚೀಲದ ಸಮೇತ ತೂಗುತ್ತೀರಿ ಅಂದುಕೊಳ್ಳಿ, ಚೀಲ ಬಿಚ್ಚಲು ಆಗುವುದೇ ಇಲ್ಲ. ಆಗ ಅಕ್ಕಿ ಎಷ್ಟು, ಚೀಲ ಎಷ್ಟು ಎಂದು ಕೇಳಿ ಪ್ರಯೋಜನವಿಲ್ಲ, ತಕ್ಕಡಿ ತೋರಿಸಿದ್ದೇ ತೂಕ. ಎಲೆಕ್ಟ್ರಾನ್ ಕೂಡ ತನ್ನ ಕ್ಷೇತ್ರದ ಜೊತೆಗೇ ಸಿಗುತ್ತದೆ. ಪ್ರಯೋಗಾಲಯದಲ್ಲಿ ಅಳೆದ ದ್ರವ್ಯರಾಶಿ ಎರಡೂ ಸೇರಿದ್ದು. ಆದ್ದರಿಂದ ಅನಂತವನ್ನು ಅಳೆದ ಬೆಲೆಯೊಳಗೆ ಸೇರಿಸಿಬಿಟ್ಟು ಲೆಕ್ಕ ಮುಂದುವರಿಸಿದರೆ, ಉಳಿದದ್ದೆಲ್ಲ ಸೀಮಿತ ಸಂಖ್ಯೆ. ಇದೇ ರೀನಾರ್ಮಲೈಸೇಶನ್. ಇದು ಕಸವನ್ನು ಚಾಪೆ ಕೆಳಗೆ ತಳ್ಳಿದ ಹಾಗಲ್ವಾ ಅಂತ ನಿಮಗೆ ಅನ್ನಿಸಿದರೆ, ಡಿರಾಕ್ ಕೂಡ ನಿಮ್ಮ ಕಡೆಯೇ. ಅವರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ.

ಆದರೆ ಪ್ರಯೋಗ ಒಪ್ಪಿತು. ಡಿರಾಕ್ ಸಿದ್ಧಾಂತದ ಪ್ರಕಾರ ಹೈಡ್ರೋಜನ್ನಿನ ಎರಡು ಶಕ್ತಿಮಟ್ಟಗಳು ಸರಿಸಮ ಇರಬೇಕಿತ್ತು. 1947ರಲ್ಲಿ ಅಮೆರಿಕದಲ್ಲಿ ಲ್ಯಾಂಬ್ ಮತ್ತು ರೆದರ್‌ಫರ್ಡ್ ಅಳೆದಾಗ ಸುಮಾರು 1,000 ಮೆಗಾಹರ್ಟ್ಸ್ ವ್ಯತ್ಯಾಸ ಕಂಡಿತು. ಟೋಕಿಯೊಗೆ ಈ ಸುದ್ದಿ ಮುಟ್ಟಿದ್ದು ಸಂಶೋಧನಾ ಪತ್ರಿಕೆಯಿಂದಲ್ಲ, ಅಮೆರಿಕದ ಒಂದು ವಾರಪತ್ರಿಕೆಯ ವಿಜ್ಞಾನ ಅಂಕಣದಿಂದ! ವಿಧಾನ ಕೈಯಲ್ಲಿತ್ತು, ತೊಮೊನಾಗರ ಗುಂಪು ಆ ವ್ಯತ್ಯಾಸವನ್ನು ಲೆಕ್ಕ ಹಾಕಲು ಶುರುಮಾಡಿತು.

1948ರಲ್ಲಿ ತೊಮೊನಾಗ ಅಮೆರಿಕದ ಭೌತವಿಜ್ಞಾನಿ ಓಪನ್‌ಹೈಮರ್‌ಗೆ ಪತ್ರ ಬರೆದರು. ಶ್ವಿಂಗರ್ ಮತ್ತು ಫೈನ್‌ಮನ್ ತಮ್ಮ ಕೆಲಸವನ್ನು ಅಮೆರಿಕದಲ್ಲಿ ಆಗಷ್ಟೇ ಮಂಡಿಸಿದ್ದರು. ಇತ್ತ ಜಪಾನಿನಲ್ಲಿ ಹೊರಗಿನ ಸಂಪರ್ಕ ಅಷ್ಟಾಗಿ ಇಲ್ಲದೆ ಇದೇ ಕೆಲಸ ಆಗಿದೆ ಎಂದು ಓಪನ್‌ಹೈಮರ್‌ಗೆ ಗೊತ್ತಾಯಿತು. ಕೂಡಲೇ ಒಂದು ಸಾರಾಂಶ ಬರೆಯಿರಿ ಎಂದು ಅವರು ತಂತಿ ಕಳಿಸಿದರು. ಅದು ಅದೇ ವರ್ಷ ಅಮೆರಿಕದ ಸಂಶೋಧನಾ ಪತ್ರಿಕೆ ‘ಫಿಸಿಕಲ್ ರಿವ್ಯೂ’ನಲ್ಲಿ ಬಂತು.

ಹಾಗಾದರೆ ಫೈನ್‌ಮನ್ ಹೆಸರೇ ಯಾಕೆ ಜಾಸ್ತಿ? ಕಣಗಳ ನಡುವೆ ನಡೆಯುವುದನ್ನು ಗೆರೆಗಳಲ್ಲಿ ತೋರಿಸುವ ಅವರ ಚಿತ್ರಗಳಿಂದ ಲೆಕ್ಕ ಬೇಗ ಮುಗಿಯುತ್ತದೆ, ವಿದ್ಯಾರ್ಥಿಗಳು ಕಲಿಯುವುದೂ ಅದನ್ನೇ. ಆದರೆ ಆ ಚಿತ್ರಗಳ ನಿಯಮಗಳು ಎಲ್ಲಿಂದ ಬಂದವು ಎಂಬುದನ್ನು ಫೈನ್‌ಮನ್ ಸರಿಯಾಗಿ ವಿವರಿಸಿರಲಿಲ್ಲ. 1949ರಲ್ಲಿ ಫ್ರೀಮನ್ ಡೈಸನ್ ಎಂಬ ಭೌತವಿಜ್ಞಾನಿ ಈ ಮೂವರ ವಿಧಾನಗಳೂ ಒಂದೇ ಎಂದು ತೋರಿಸಿದರು. ಅದಕ್ಕಾಗಿ ಅವರು ಶುರುಮಾಡಿದ್ದು ತೊಮೊನಾಗ ಮತ್ತು ಶ್ವಿಂಗರ್ ಅವರ ಸಮೀಕರಣದಿಂದ. ಫೈನ್‌ಮನ್ ನಿಯಮಗಳನ್ನು ಅದರಿಂದಲೇ ಹೊರತೆಗೆದರು. ಪ್ರಬಂಧದ ಶೀರ್ಷಿಕೆಯಲ್ಲೂ ಮೊದಲು ಬರುವ ಹೆಸರು ತೊಮೊನಾಗ.

ಇನ್ನೊಂದು ವಿಷಯ. ಸ್ಟಾಕ್‌ಹೋಮ್‌ನ ಸಮಾರಂಭದ ಫೋಟೋಗಳಲ್ಲಿ ತೊಮೊನಾಗರನ್ನು ಹುಡುಕಬೇಡಿ, ಸಿಗುವುದಿಲ್ಲ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದರು, ಹೋಗಲಾಗಲಿಲ್ಲ. ನೊಬೆಲ್ ಉಪನ್ಯಾಸವನ್ನು 1966ರ ಮೇನಲ್ಲಿ ಟೋಕಿಯೊದಲ್ಲೇ ಕೊಟ್ಟರು. ವಾರಪತ್ರಿಕೆಯ ಅಂಕಣದ ಕಥೆ ಅದರಲ್ಲೇ ಇದೆ.